ಸಹಾಯ ಬೇಕು: ಜಪಾನಿ ಆಡಳಿತದ ಕಾರ್ಖಾನೆಗಳಲ್ಲಿ ದುಡಿದವರ ಅನುಭವ

ಮಾನ್ಯರೇ, ನಾನು ಎಂಬಿಎ ಅಂತಿಮ ವರ್ಷದ ವಿದ್ಯಾರ್ಥಿನಿ. ಭಿನ್ನ ಸಂಸ್ಕೃತಿಗಳ ಜನರು ಒಟ್ಟಾಗಿ ದುಡಿಯುವ ಸಂಸ್ಥೆಗಳ ನಿರ್ವಹಣೆಯನ್ನು ಕುರಿತ ಕಿರುಪ್ರಬಂಧಕ್ಕಾಗಿ, 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸ್ಥಾಪನೆಯಾದ ಮೇಲೆ ಜಪಾನಿ ಕಾರ್ಯಪದ್ಧತಿಯನ್ನು ಕಂಡ ಬಿಡದಿಯನ್ನು ಆರಿಸಿಕೊಂಡಿದ್ದೇನೆ.

ನಮ್ಮ ಪಠ್ಯಕ್ಕೆ ಆಧಾರವಾದ, ಡಚ್ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಅವರ ‘ಅಧಿಕಾರದ ಅಂತರ’ (ಮೇಲಿನವರಿಗೆ ಹೆಚ್ಚು ಅಧಿಕಾರವಿರುವುದನ್ನು ಕೆಳಗಿನವರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದು) ಮೊದಲಾದ, ಸಂಸ್ಕೃತಿಗಳನ್ನು ಹೋಲಿಸುವ ಮಾನದಂಡಗಳು 1970ರ ಆಸುಪಾಸಿನಲ್ಲಿ ಐಬಿಎಂ ಎಂಬ ಒಂದೇ ಕಂಪನಿಯ ನೌಕರರ ಸಮೀಕ್ಷೆಯಿಂದ ಹುಟ್ಟಿದವಾದ್ದರಿಂದ, ಮಾಗಡಿ, ಚನ್ನಪಟ್ಟಣಗಳಿಂದ ಪಾಳಿಗೆ ಬರುವ ಕಾರ್ಮಿಕರಿಗೆ ಅವು ಎಷ್ಟು ಹೊಂದುತ್ತವೆ ಎಂಬ ಅನುಮಾನ ನನಗಿದೆ (ಮಾರ್ಗದರ್ಶಕರಿಗೆ ಇಲ್ಲ). ದೋಷ ಕಂಡ ಯಾವ ಕಾರ್ಮಿಕರೇ ಆದರೂ ಹಗ್ಗ ಎಳೆದು ಉತ್ಪಾದನೆಯನ್ನು ನಿಲ್ಲಿಸಬಹುದಾದ ‘ಆಂಡಾನ್’ ಪದ್ಧತಿಯಲ್ಲಿ, ಮೇಲ್ವಿಚಾರಕರ ಎದುರು ಹಾಗೆ ಮಾಡಲು ಹೊಸಬರು ಹಿಂಜರಿಯುತ್ತಿದ್ದರೇ, ಹಿಂಜರಿದಿದ್ದರೆ ಆ ಅಳುಕು ಹೇಗೆ ಹೋಯಿತು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಇಂಥ ಕಾರ್ಖಾನೆಗಳಲ್ಲಿ ದುಡಿದವರು, ವಿಶೇಷವಾಗಿ ದುಭಾಷಿಗಳಾಗಿದ್ದವರು, ದಯವಿಟ್ಟು ಇಲ್ಲಿಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಕಂಪನಿಯ ಹೆಸರು ಬೇಕಿಲ್ಲ.