1.5 ಮಿ.ಮೀ. ಪಟ್ಟಿ ಒಂದು ದಿನ ವಿ-0, ಇನ್ನೊಂದು ದಿನ ವಿ-2: ಎಲ್ಲಿ ನೋಡಬೇಕು?

ಹರಳು:
ಬೆಂಕಿ ತಡೆಯುವ ಪಿಸಿ/ಎಬಿಎಸ್ (ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಪ್ಲಾಸ್ಟಿಕ್) ಮಿಶ್ರಣಕ್ಕೆ ಯುಎಲ್ 94 ಲಂಬ ಪರೀಕ್ಷೆ ಮಾಡುತ್ತಿದ್ದೇವೆ, ಅಂದರೆ ನೆಟ್ಟಗೆ ನೇತುಹಾಕಿದ ಪಟ್ಟಿಯ ಕೆಳತುದಿಗೆ ಎರಡು ಸಲ ಉರಿ ಹಿಡಿದು ಎಷ್ಟು ಬೇಗ ಆರುತ್ತದೆ ಅಂತ ನೋಡುವುದು. ಪಟ್ಟಿ 125 × 13 ಮಿ.ಮೀ., ದಪ್ಪ 1.5. ಮೊದಲ 10 ಸೆಕೆಂಡ್ ಉರಿ ಹಿಡಿದು ತೆಗೆದರೆ ಎರಡು ಮೂರು ಸೆಕೆಂಡಿಗೆ ಆರಿಹೋಗುತ್ತದೆ. ಗಲಾಟೆ ಶುರುವಾಗುವುದು ಎರಡನೇ ಸಲ ಹಿಡಿದಾಗ. ಒಂದು ಪಟ್ಟಿ 6 ಸೆಕೆಂಡ್ ಉರಿದರೆ ಪಕ್ಕದ್ದು 14. ಕೆಲವೊಮ್ಮೆ ಹನಿ ಬಿದ್ದು ಕೆಳಗಿನ ಹತ್ತಿಯೂ ಹೊತ್ತಿಕೊಳ್ಳುತ್ತದೆ. ಗ್ರಾನ್ಯೂಲ್ (ಪಟ್ಟಿ ಮೋಲ್ಡ್ ಮಾಡುವ ಪ್ಲಾಸ್ಟಿಕ್ ಕಾಳು) ಒಂದೇ ಚೀಲದ್ದು. ಜೊತೆಗೆ ಬಂದ ಪತ್ರದಲ್ಲಿ ಇದೇ ದಪ್ಪಕ್ಕೆ ವಿ-0 ಅಂತಿದೆ (ಪ್ರತಿ ಸಲ 10 ಸೆಕೆಂಡಿನೊಳಗೆ ಆರಬೇಕು, ಹತ್ತಿ ಹೊತ್ತಬಾರದು; ವಿ-2 ಅದಕ್ಕಿಂತ ಕೆಳಗಿನ ದರ್ಜೆ, ಅಲ್ಲಿ ಹತ್ತಿ ಹೊತ್ತಿದರೂ ನಡೆಯುತ್ತದೆ). ಉರಿ 20 ಮಿ.ಮೀ. ಎತ್ತರ ಇದೆ, ಅಳೆದು ನೋಡಿದ್ದೇವೆ.

ಬೂದಿ:
ಸುಡುವಾಗ ಎಕ್ಸಾಸ್ಟ್ ಫ್ಯಾನ್ ಓಡುತ್ತಿರುತ್ತಾ? ಆರಿಸಿರಬೇಕು. ಸಮಯ ಬರೆದುಕೊಂಡ ಮೇಲೆ ಹೊಗೆ ಎಳೆಯಲು ಹಾಕಿ.

ಹರಳು:
ಫ್ಯಾನ್ ಆಫ್ ಇರುತ್ತದೆ ಸರ್. ಗಾಜಿನ ಬಾಗಿಲೂ ಮುಚ್ಚಿರುತ್ತದೆ.

ತಾಮ್ರಗುಂಡು:
ಹಾಗಾದರೆ ಪ್ಲಾಸ್ಟಿಕ್ಕನ್ನು ಬೈಯುವ ಮೊದಲು ಬರ್ನರ್ ನೋಡಿ. 20 ಮಿ.ಮೀ. ಅನ್ನುವುದು ಎತ್ತರ ಮಾತ್ರ. ಆ ಉರಿ ಎಷ್ಟು ಬಿಸಿ ಕೊಡುತ್ತಿದೆ ಅಂತ ಸ್ಕೇಲ್ ಹೇಳುವುದಿಲ್ಲ. ಗ್ಯಾಸ್ ಯಾವುದು? ಮೀಥೇನ್ ಆದರೆ ಹರಿವು ನಿಮಿಷಕ್ಕೆ 105 ಮಿ.ಲೀ., ಹಿಂಬದಿ ಒತ್ತಡ 10 ಮಿ.ಮೀ. ನೀರಿಗಿಂತ ಕಡಿಮೆ ಇರಬೇಕು. ಬೇರೆ ಗ್ಯಾಸ್ ಇಟ್ಟುಕೊಂಡು ಎತ್ತರ ಸರಿಹೊಂದಿಸಿದರೆ ನೋಡಲು ಅದೇ ಉರಿ, ಬಿಸಿ ಬೇರೆ.

ಎಎಸ್‌ಟಿಎಂ ಡಿ5207ರ (ಬರ್ನರ್ ಉರಿಯ ಬಿಸಿ ಸರಿ ಇದೆಯಾ ಅಂತ ಪರಿಶೀಲಿಸುವ ಮಾನದಂಡ) ತಾಮ್ರದ ಗುಂಡು ನಿಮ್ಮಲ್ಲಿ ಇರಬೇಕಲ್ವಾ? ಥರ್ಮೋಕಪಲ್ (ತಾಪ ಅಳೆಯುವ ತಂತಿ) ಸಿಕ್ಕಿಸಿದ 5.5 ಮಿ.ಮೀ. ವ್ಯಾಸದ ಚಿಕ್ಕ ತುಂಡು. ಬರ್ನರ್ ಬಾಯಿಂದ 10 ಮಿ.ಮೀ. ಮೇಲೆ ಅದನ್ನು ಇಟ್ಟು, 100ರಿಂದ 700 ಡಿಗ್ರಿಗೆ ಏರಲು ಎಷ್ಟು ಸೆಕೆಂಡ್ ಬೇಕು ನೋಡಿ. 44 ಬರಬೇಕು, ಎರಡು ಸೆಕೆಂಡ್ ಆಚೀಚೆ ಆದರೆ ಪರವಾಗಿಲ್ಲ. ಹೊಸ ಗುಂಡಾದರೆ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ ಅಳೆಯುವ ಮುಂಚೆ 50 ಡಿಗ್ರಿಗಿಂತ ಕೆಳಗೆ ತಾನಾಗಿ ತಣಿಯಲಿ. ಊದಿ ತಣಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಇನ್ನೊಂದು. ಎರಡನೇ ಸಲ ಹಿಡಿಯುವಾಗ ಪಟ್ಟಿ ಕರಗಿ ಗಿಡ್ಡವಾಗಿರುತ್ತದೆ. ಬರ್ನರ್ ಅಲ್ಲೇ ನಿಂತರೆ 10 ಮಿ.ಮೀ. ಅಂತರ ಉಳಿಯುವುದಿಲ್ಲ. ಪಟ್ಟಿಯ ತುದಿ ಎಲ್ಲಿದೆಯೋ ಅದನ್ನು ಹಿಂಬಾಲಿಸಬೇಕು. ಹನಿ ಬೀಳುತ್ತಿದ್ದರೆ ಬರ್ನರನ್ನು 45 ಡಿಗ್ರಿ ಓರೆ ಮಾಡಿ. ಹನಿ ನಳಿಕೆಯೊಳಗೆ ಬಿದ್ದರೆ ಮುಂದಿನ ಉರಿ ಸುಮ್ನೆ ಕೆಡುತ್ತದೆ.

ಹರಳು:
ಗ್ಯಾಸ್ ಪ್ರೊಪೇನ್! ಗುಂಡು 37 ಸೆಕೆಂಡಿಗೇ 700 ಮುಟ್ಟಿತು. ಮೀಥೇನ್ ಹಾಕಿ ಹರಿವು ಹೊಂದಿಸಿದ ಮೇಲೆ 43, 44, 44 ಬಂತು. ಈಗ ಯಾವ ಪಟ್ಟಿಯೂ 8 ಸೆಕೆಂಡ್ ದಾಟುತ್ತಿಲ್ಲ. ಆದರೆ ಐದರಲ್ಲಿ ಒಂದು ಪಟ್ಟಿಯ ಹನಿ ಹತ್ತಿಯನ್ನು ಹೊತ್ತಿಸಿತು. ಇದನ್ನು ವಿ-2 ಅಂತ ಬರೆಯಬೇಕಾ?

ತಾಮ್ರಗುಂಡು:
ತಕ್ಷಣ ಬೇಡ. ಐದರಲ್ಲಿ ಒಂದೇ ಒಂದು ಸೋತರೆ ಇನ್ನೂ ಐದು ಸುಡಲು ಅವಕಾಶ ಇದೆ. ಆ ಐದೂ ಪಾಸಾಗಬೇಕು.

ಗ್ರಾನ್ಯೂಲ್:
ನಡುವೆ ಬಾಯಿ ಹಾಕುತ್ತೇನೆ. ಪಟ್ಟಿ ಮೋಲ್ಡ್ ಮಾಡುವ ಮುಂಚೆ ಗ್ರಾನ್ಯೂಲ್ ಒಣಗಿಸಿದ್ದಿರಾ? ತೇವ ಇದ್ದರೆ ಮೋಲ್ಡಿಂಗ್ ಯಂತ್ರದ ಬ್ಯಾರೆಲ್ಲಿನ ಬಿಸಿಯಲ್ಲಿ ಪಾಲಿಕಾರ್ಬೊನೇಟ್ ಸರಪಳಿ ತುಂಡಾಗುತ್ತದೆ. ಕರಗಿದ್ದು ತೆಳ್ಳಗಾಗಿ ಬೇಗ ತೊಟ್ಟಿಕ್ಕುತ್ತದೆ. ಇಂಥ ಗ್ರೇಡುಗಳಲ್ಲಿ ಹನಿ ತಡೆಯಲು ಚೂರು ಪಿಟಿಎಫ್‌ಇ (ಟೆಫ್ಲಾನ್ ಅಂತ ಕರೆಯುವ ಪ್ಲಾಸ್ಟಿಕ್) ಹಾಕಿರುತ್ತಾರೆ. ಅದು ಎಳೆಎಳೆಯಾಗಿ ಬಲೆ ಕಟ್ಟಿ ಹಿಡಿದುಕೊಳ್ಳಬೇಕು. ಆದರೆ ರಾಳವೇ ನೀರಾದರೆ ಅದೂ ಜಾಸ್ತಿ ಹೊತ್ತು ತಡೆಯಲಾರದು. ಪುಡಿ ಮಾಡಿದ ಹಳೇ ತುಂಡು ಬೆರೆಸಿದ್ದರೂ ಇದೇ ಕಥೆ.

ಹರಳು:
ಹಳೇದು ಬೆರೆಸಿಲ್ಲ. ಚೀಲ ತೆರೆದು ಸುಮಾರು ದಿನ ಆಗಿತ್ತು. ಒಣಗಿಸಿ ಹೊಸ ಪಟ್ಟಿ ಹಾಕಿಸಿದೆವು. ಐದೂ ಪಾಸ್, ಹತ್ತಿ ಹಾಗೇ ಇದೆ. ಎರಡೂ ಸಲದ್ದು ಸೇರಿ ಒಟ್ಟು ಉರಿದದ್ದು 31 ಸೆಕೆಂಡ್. ಈಗ ವಿ-0 ಬರೆಯಬಹುದಲ್ವಾ?

ತಾಮ್ರಗುಂಡು:
ಐದು ಪಟ್ಟಿಗೆ ಒಟ್ಟು 50 ಸೆಕೆಂಡಿನ ಮಿತಿಯೊಳಗೆ ಆರಾಮಾಗಿ ಇದೆ. ಆದರೆ ಇದು 23 ಡಿಗ್ರಿ, 50% ತೇವಾಂಶದಲ್ಲಿ ಇಟ್ಟ ಗುಂಪು ಮಾತ್ರ ತಾನೇ? 70 ಡಿಗ್ರಿ ಓವನ್ನಿನಲ್ಲಿ 168 ಗಂಟೆ ಇಟ್ಟ ಐದು ಪಟ್ಟಿ ಇನ್ನೂ ಬಾಕಿ. ಅವನ್ನು ಹೊರಗೆ ತೆಗೆದ ಕೂಡಲೇ ಸುಡಬೇಡಿ. ಕನಿಷ್ಠ 4 ಗಂಟೆ ಡೆಸಿಕೇಟರಿನಲ್ಲಿ (ಒಳಗೆ ಒಣ ಗಾಳಿ ಇರುವ ಮುಚ್ಚಿದ ಪಾತ್ರೆ) ತಣಿಯಲಿ. ಎರಡೂ ಗುಂಪು ಪಾಸಾದರೆ ಬರೆಯಿರಿ, ದಪ್ಪ 1.5 ಮಿ.ಮೀ. ಅನ್ನುವುದನ್ನೂ ಸೇರಿಸಿ.