ಸಹಾಯ ಬೇಕು: ನಕಲಿ ದನಿಯನ್ನು ಹಿರಿಯರಿಗೆ ತೋರಿಸುವುದು ಹೇಗೆ?

ಸಕಲೇಶಪುರದ ಹತ್ತಿರ ನಮ್ಮ ಊರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಸೈಬರ್ ಸುರಕ್ಷತೆಯ ಬಗ್ಗೆ ಸಭೆ ಕರೆದಿದ್ದೇವೆ. ಬರುವವರಲ್ಲಿ ಹೆಚ್ಚಿನವರು, ಮಕ್ಕಳು ಬೆಂಗಳೂರಿನಲ್ಲಿರುವ ಹಿರಿಯರು. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಬೆದರಿಸುವವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ಕರಪತ್ರದಲ್ಲಿ ಹಾಕಿದ್ದೇವೆ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ತೊಡಕಿರುವುದು, ಮಕ್ಕಳಂತೆ ಮಾತಾಡಿ ಹಣ ಕೇಳಲು ವಂಚಕರು ಕೃತಕ ಬುದ್ಧಿಮತ್ತೆಯಿಂದ ಮಾಡುವ ನಕಲಿ ದನಿಯ ವಿಷಯದಲ್ಲಿ. ಚಿಕ್ಕದೊಂದು ಧ್ವನಿಮುದ್ರಣ ಸಿಕ್ಕರೂ ದನಿಯನ್ನು ನಕಲು ಮಾಡಬಹುದು ಎಂದರೆ, “ಹೆತ್ತವರಿಗೆ ಮಗನ ದನಿ ಗೊತ್ತಾಗುವುದಿಲ್ಲವೇ?” ಎನ್ನುತ್ತಾರೆ. ಉಚಿತ ಆ್ಯಪ್‌ಗಳಲ್ಲಿ ನನ್ನ ದನಿಯನ್ನೇ ಹಾಕಿ ನೋಡಿದೆ. ಇಂಗ್ಲಿಷ್ ಸರಿಯಾಗಿ ಬಂತು, ಕನ್ನಡ ಮಾತ್ರ ರೈಲು ನಿಲ್ದಾಣದ ಪ್ರಕಟಣೆಯಂತಿದೆ. ಅದನ್ನು ಕೇಳಿಸಿದರೆ ಜನ ಇನ್ನಷ್ಟು ಮೈಮರೆಯುತ್ತಾರೆ, ಅದೇ ನನ್ನ ಭಯ.

ಒಪ್ಪಿಗೆ ಕೊಟ್ಟವರ ದನಿಯನ್ನು ಸಹಜ ಕನ್ನಡದಲ್ಲಿ ನಕಲಿಸಿ ತೋರಿಸಲು ಯಾವ ಸಾಧನ ಸೂಕ್ತ? ಸಭೆಯ ಬಳಿಕ ಆ ದನಿಯನ್ನು ಅದರಿಂದ ಪೂರ್ತಿಯಾಗಿ ಅಳಿಸಲು ಸಾಧ್ಯವೇ?