ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತುತ್ತಿದೆಯಾ? ಬಲ್ಬ್ ಬಿಡಿ, ಅರ್ಥಿಂಗ್ ನೋಡಿ

ರಿವರ್ಸ್ ಕ್ಯಾಮೆರಾ, ಫಾಗ್ ಲ್ಯಾಂಪ್ ಎರಡನ್ನೂ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಮೇಲೆ ಬ್ರೇಕ್ ಒತ್ತಿದಾಗ ಎಡಗಡೆ ಇಂಡಿಕೇಟರ್ ಸಣ್ಣಗೆ ಹೊತ್ತಿಕೊಳ್ಳುತ್ತದೆ, ಹಿಂದಿನ ಪಾರ್ಕ್ ಲೈಟ್ ಮಂಕಾಗುತ್ತದೆ, ಫ್ಯೂಸೂ ಎರಡು ಸಲ ಹೋಯಿತು, ಬಲ್ಬ್ ಎಲ್ಲಾ ಬದಲಾಯಿಸಿದ್ದೂ ಆಯಿತು, ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ಹೆಚ್ಚೂಕಮ್ಮಿ ಇದೇ ಕಾಟ ಹೋದ ಮಳೆಗಾಲದಲ್ಲಿ ನನಗೂ ಇತ್ತು.

ನಮ್ಮದು ಕುಂದಾಪುರದ ಕಡೆ, ಮಳೆ ಹಿಡಿದರೆ ಬಿಡುವುದಿಲ್ಲ. ನಾನೂ ಮೊದಲು ಬಲ್ಬ್ ಬದಲಾಯಿಸಿದೆ, ಆಮೇಲೆ ಇಂಡಿಕೇಟರ್ ಮಿನುಗಿಸುವ ಫ್ಲಾಶರ್. ದುಡ್ಡು ಹೋಯಿತು, ಕಾಟ ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಡಿಕ್ಕಿಯ ಕಾರ್ಪೆಟ್ ಎತ್ತಿ ಕೂತೆ. ನಾನು ಹಾಕಿಸಿದ್ದ ಕ್ಯಾಮೆರಾದ ಕಪ್ಪು ವೈರ್ ಸಿಕ್ಕಿಸಲು ಅಂಗಡಿಯವರು ಕಂಪನಿಯ ಅರ್ಥಿಂಗ್ ಬೋಲ್ಟ್ (ಲೈಟಿನ ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜಾಗ) ಬಿಚ್ಚಿದ್ದಾರೆ, ಮತ್ತೆ ಬಿಗಿ ಮಾಡಿಲ್ಲ. ಬೆರಳಲ್ಲೇ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಅಂಟಿಕೊಂಡಿತು. ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ, ಸ್ಪ್ಯಾನರ್ ಹಾಕಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿದೆ. ಆವತ್ತಿಂದ ಇವತ್ತಿನವರೆಗೂ ಒಂದು ಸಲವೂ ಬಂದಿಲ್ಲ.

ಯಾಕೆ ಹಾಗಾಗುತ್ತದೆ ಅಂದರೆ, ತುಂಬಾ ಕಾರುಗಳಲ್ಲಿ ಹಿಂದಿನ ಒಂದು ಕಡೆಯ ಬ್ರೇಕ್, ಪಾರ್ಕ್, ಇಂಡಿಕೇಟರ್ ಮೂರಕ್ಕೂ ಒಂದೇ ಅರ್ಥಿಂಗ್ ವೈರ್. ಅದು ಸಡಿಲವಾದರೆ ಬ್ರೇಕ್ ಬಲ್ಬಿನ ಕರೆಂಟ್ ವಾಪಸ್ ಹೋಗಲು ದಾರಿ ಹುಡುಕುತ್ತದೆ, ಪಕ್ಕದ ಇಂಡಿಕೇಟರ್ ಬಲ್ಬಿನೊಳಗಿಂದ ನುಗ್ಗಿ ಮುಂದಿನ ಇಂಡಿಕೇಟರ್ ಮೂಲಕ ಅರ್ಥ್ ಆಗುತ್ತದೆ. ಬಲ್ಬ್ ಎಷ್ಟು ಬದಲಾಯಿಸಿದರೂ ಅಷ್ಟೇ ಅಲ್ವಾ?

ನೀವು ಮನೆಯಲ್ಲೇ ನೋಡಬಹುದು. ಒಂದು ತುಂಡು ವೈರಿನ ಒಂದು ತುದಿಯನ್ನು ಹಿಂದಿನ ಲೈಟಿನ ಅರ್ಥಿಂಗ್ ಪಿನ್‌ಗೆ, ಇನ್ನೊಂದನ್ನು ಬಾಡಿಯಲ್ಲಿ ಪೇಂಟ್ ಇಲ್ಲದ ಒಳ್ಳೆ ಬೋಲ್ಟ್‌ಗೆ ಹಿಡಿದು ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ. ಸರಿಯಾಗಿ ಹೊತ್ತಿದರೆ ಕಳ್ಳ ಸಿಕ್ಕಿದ. ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟು, ಬ್ರೇಕ್ ಒತ್ತಿರುವಾಗಲೇ ಅದೇ ಪಿನ್‌ಗೆ ಕೆಂಪು ಕಡ್ಡಿ, ಬಾಡಿಗೆ ಕಪ್ಪು ಕಡ್ಡಿ ಹಿಡಿಯಿರಿ. 0.1, 0.2 ತೋರಿಸಿದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ ಅಂತಲೇ ತಿಳಿಯಿರಿ.

ಇನ್ನು ಫ್ಯೂಸ್. ಫಾಗ್ ಲ್ಯಾಂಪಿನ ಕರೆಂಟನ್ನು ಪಾರ್ಕ್ ಲೈಟಿನ ವೈರಿನಿಂದಲೇ ಎಳೆದಿದ್ದಾರಾ ನೋಡಿ. 55 ವಾಟ್‌ನ ಎರಡು ಬಲ್ಬ್ ಅಂದರೆ 110 ವಾಟ್, 12 ವೋಲ್ಟ್‌ಗೆ ಸುಮಾರು 9 ಆಂಪಿಯರ್. ಪಾರ್ಕ್ ಲೈಟಿನ ಸ್ವಂತ ಕರೆಂಟೂ ಸೇರಿದರೆ ಅದರ 10 ಆಂಪಿಯರ್ ಕೆಂಪು ಫ್ಯೂಸ್ ಎಷ್ಟು ದಿನ ತಡೆಯುತ್ತದೆ? ದಯವಿಟ್ಟು ಅಲ್ಲಿ 20ರ ಹಳದಿ ಫ್ಯೂಸ್ ಮಾತ್ರ ಹಾಕಬೇಡಿ, ಆಮೇಲೆ ಫ್ಯೂಸ್ ಬದಲು ವೈರ್ ಸುಡುತ್ತದೆ. ಬ್ಯಾಟರಿಯಿಂದ ಬೇರೆ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ 15ರ ಫ್ಯೂಸ್ ಇಟ್ಟು, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಪುಟ್ಟ ಪೆಟ್ಟಿಗೆ) ಮೂಲಕ ಕೊಡಿಸಿ. ರಿಲೇಯಲ್ಲಿ 30 ನಂಬರಿನ ಪಿನ್‌ಗೆ ಬ್ಯಾಟರಿ, 87ಕ್ಕೆ ಲ್ಯಾಂಪ್, 85, 86ರಲ್ಲಿ ಒಂದು ಸ್ವಿಚ್‌ಗೆ, ಇನ್ನೊಂದು ಅರ್ಥಿಂಗ್‌ಗೆ. ಸ್ವಿಚ್ ಮೇಲೆ ಭಾರ ಬೀಳುವುದಿಲ್ಲ.

ನಮ್ಮ ಭಾವನ ಬೈಕಿನದು ಬೇರೆ ಕಥೆ. ಎಲ್‌ಇಡಿ ಇಂಡಿಕೇಟರ್ ಹಾಕಿದ ಕೂಡಲೇ ಪಟಪಟ ಅಂತ ಬಡಿದುಕೊಳ್ಳಲು ಶುರುವಾಯಿತು. ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಮ್ಮಿ, ಬಲ್ಬ್ ಹೋಗಿದೆ ಅಂತ ಹಳೇ ಫ್ಲಾಶರ್ ಅಂದುಕೊಳ್ಳುತ್ತದೆ. ಎಲ್‌ಇಡಿಗೆ ಹೊಂದುವ ಫ್ಲಾಶರ್ ಹಾಕಿದ ಮೇಲೆ ಸರಿಹೋಯಿತು.

ಒಂದು ಎಚ್ಚರಿಕೆ. ಹುಡುಕುವಾಗ ಹಳದಿ ಕವಚದ ವೈರ್, ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಸರಿಯಾಗುವವರೆಗೆ ರಾತ್ರಿ ಗಾಡಿ ತೆಗೆಯಬೇಡಿ. ನೀವು ಬ್ರೇಕ್ ಒತ್ತಿದಿರೋ, ಎಡಕ್ಕೆ ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ, ಘಾಟಿಯಲ್ಲಂತೂ ನೆನೆಸಿಕೊಂಡರೇ ಭಯ.

ಮೀಟರ್ ಎಷ್ಟು ತೋರಿಸಿತು ಅಂತ ಬರೆಯಿರಿ. ಆ ಬೋಲ್ಟಿನ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.